ಪೋಸ್ಟ್‌ಗ್ರೆಸ್ ಮತ್ತು ಗಂಜಿನ ಬಾಕಿ ಯಾದಿ: ನಾಲ್ಕು ವರ್ಷ ಬಳಸಿದ ಮೇಲೆ ಒಂದು ಸಬ್‌ಕ್ವೆರಿ ಪರೀಕ್ಷೆ

ರಾಯಚೂರಿನ ರಾಜೇಂದ್ರ ಗಂಜಿನ, ಅಂದರೆ ಕೃಷಿ ಮಾರುಕಟ್ಟೆಯ, ಹನ್ನೊಂದು ದಲಾಲಿ ಅಂಗಡಿಗಳ ಲೆಕ್ಕ ಒಂದೇ ಡೇಟಾಬೇಸಿನಲ್ಲಿದೆ. ಅದನ್ನು ನೋಡಿಕೊಳ್ಳುವವಳು ನಾನು. ಲೆಕ್ಕ ಬರೆಯುವುದು ಆಯಾ ಅಂಗಡಿಯ ಗುಮಾಸ್ತರು. ಡೇಟಾಬೇಸ್, ವರದಿ, ಬ್ಯಾಕಪ್ ನನ್ನ ಪಾಲು. ನಾಲ್ಕು ವರ್ಷದಿಂದ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಈಗ ಓಡುತ್ತಿರುವುದು 16ನೇ ಆವೃತ್ತಿ. ಎಂಟು ಜಿಬಿ ಮೆಮೊರಿ ಇರುವ ಡೆಸ್ಕ್‌ಟಾಪ್, ಒಂದು ಎಸ್‌ಎಸ್‌ಡಿ, ಪಕ್ಕದಲ್ಲಿ ಯುಪಿಎಸ್. ಯಂತ್ರ ಇಷ್ಟೇ. ಸಾಫ್ಟ್‌ವೇರಿಗೆ ಒಂದು ಪೈಸೆ ಕೊಡಬೇಕಿಲ್ಲ. ಕರೆಂಟು ಹೋಗಿ ಯುಪಿಎಸ್ ಕೂಡ ಕೈಕೊಟ್ಟ ದಿನವೂ, ಮತ್ತೆ ಆನ್ ಮಾಡಿದಾಗ ಬರೆದ ಲೆಕ್ಕ ಬರೆದಲ್ಲೇ ಇತ್ತು. ಆ ವಿಷಯದಲ್ಲಿ ನನಗೆ ಪೂರ್ತಿ ಸಮಾಧಾನ ಇದೆ, ಅದರ ಬಗ್ಗೆ ಜಾಸ್ತಿ ಬರೆಯಲ್ಲ.

ಬರೆಯಬೇಕಿರುವುದು ಸಬ್‌ಕ್ವೆರಿ ಬಗ್ಗೆ. ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ಇನ್ನೊಂದು ಪ್ರಶ್ನೆ ಇಟ್ಟು ಕೇಳುತ್ತೇವಲ್ಲ, ಅದು. ನಾವು ಹೇಗೇ ಬರೆದರೂ ಡೇಟಾಬೇಸ್ ಅದನ್ನು ಒಳಗೇ ತಿದ್ದಿ, ಬೇಗ ಮುಗಿಯುವ ದಾರಿ ಹುಡುಕಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಆ ಕೆಲಸ ಪ್ಲಾನರ್‌ನದು. ಅದು ಎಲ್ಲಿ ಚೆನ್ನಾಗಿ ಮಾಡುತ್ತದೆ, ಎಲ್ಲಿ ನಾವೇ ಹುಷಾರಾಗಿರಬೇಕು ಅಂತ ಈ ಹತ್ತಿ ಸೀಸನ್ನಿನಲ್ಲಿ ನನಗೆ ಚೆನ್ನಾಗಿ ತಿಳಿಯಿತು.

ಗಂಜಿನಲ್ಲಿ ಪಟ್ಟಿ ಅಂದರೆ ರೈತನ ಕೈಗೆ ಕೊಡುವ ಚೀಟಿ. ಹತ್ತಿ ಟೆಂಡರ್ ಆಗಿ, ತೂಕ ಆಗಿ, ಹಮಾಲಿ ಖರ್ಚು ಕಳೆದು, ಇಷ್ಟು ರೊಕ್ಕ ಬರಬೇಕು ಅಂತ ಅದರಲ್ಲಿ ಬರೆದಿರುತ್ತಾರೆ. ರೊಕ್ಕ ಕೊಟ್ಟಾಗ ಪಾವತಿ ಟೇಬಲ್‌ನಲ್ಲಿ ಆ ಪಟ್ಟಿ ನಂಬರ್ ಹಾಕಿ ಒಂದು ಸಾಲು ಸೇರಿಸುತ್ತಾರೆ. ಬಾಕಿ ಯಾದಿ ಅಂದರೆ ಪಟ್ಟಿ ಆಗಿದೆ, ಪಾವತಿ ಇನ್ನೂ ಆಗಿಲ್ಲ ಅನ್ನುವವರ ಯಾದಿ. ಅದಕ್ಕೆ ನಾನು ಮೊದಲ ವರ್ಷ ಬರೆದ ಕ್ವೆರಿ ತುಂಬಾ ಸರಳ: ಪಾವತಿ ಟೇಬಲ್‌ನಲ್ಲಿರುವ ಪಟ್ಟಿ ನಂಬರ್‌ಗಳಲ್ಲಿ ಯಾವ ಪಟ್ಟಿಯ ನಂಬರ್ ಇಲ್ಲವೋ ಅದನ್ನು ತೋರಿಸು. ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ಇದು 'ನಾಟ್ ಇನ್'. ಮೂರು ವರ್ಷ ಸರಿಯಾಗಿಯೇ ನಡೆಯಿತು.

ಈ ನವೆಂಬರಿನಲ್ಲಿ ಒಂದು ಅಂಗಡಿಯವರು ಮುಂಗಡವನ್ನೂ ಪಾವತಿಯಲ್ಲೇ ಬರೆಯಬೇಕು ಅಂದರು. ಮುಂಗಡಕ್ಕೆ ಪಟ್ಟಿ ನಂಬರ್ ಇರುವುದಿಲ್ಲ, ಹತ್ತಿ ಇನ್ನೂ ಗಿಡದಲ್ಲೇ ಇರುತ್ತದೆ. ಆ ಕಾಲಂ ಖಾಲಿ ಬಿಡಲು ಅವಕಾಶ ಮಾಡಿಕೊಟ್ಟೆ. ಮರುದಿನ ಬೆಳಿಗ್ಗೆ ಇನ್ನೊಂದು ಅಂಗಡಿಯಿಂದ ಫೋನು. "ಅಕ್ಕಾ, ಬಾಕಿ ಯಾದಿ ಖಾಲಿ ಬರಾಕತ್ತೈತಿ" ಅಂದ ಗುಮಾಸ್ತ. ಹೋಗಿ ನೋಡಿದರೆ ಮಾನ್ವಿ ಕಡೆಯ ಒಬ್ಬ ಹಿರಿಯ ರೈತರು ಗದ್ದಿಗೆಯ ಮುಂದೆ ನಿಂತಿದ್ದರು. ನಾಲ್ಕು ಮಡಿಕೆಯ ಚೀಟಿ ಬಿಚ್ಚಿ ತೋರಿಸಿ, "ಯವ್ವಾ, ಚೀಟಿ ನನ್ನ ಕೈಯಾಗೈತಿ, ಅದರಾಗ ಯಾಕಿಲ್ಲ?" ಅಂತ ಕಂಪ್ಯೂಟರ್ ಕಡೆ ಕೈ ಮಾಡಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಸಾಹುಕಾರರು ಚೀಟಿ ನೋಡಿಯೇ ರೊಕ್ಕ ಕೊಟ್ಟು ಕಳಿಸಿದರು.

ಒಂದು ಅಂಗಡಿಯ ಒಂದೇ ಒಂದು ಮುಂಗಡದಿಂದ ಹನ್ನೊಂದೂ ಅಂಗಡಿಗಳ ಬಾಕಿ ಯಾದಿ ಖಾಲಿ ಆಗಿತ್ತು. ಕಾರಣ 'ನಲ್'. ಖಾಲಿ ಬಿಟ್ಟ ಕಾಲಂ ಅಂದರೆ ಡೇಟಾಬೇಸಿಗೆ 'ಗೊತ್ತಿಲ್ಲ' ಅಂತ ಅರ್ಥ. 4127ನೇ ಪಟ್ಟಿ ಪಾವತಿಯಲ್ಲಿ ಇಲ್ಲವಾ ಅಂತ ಕೇಳಿದರೆ ಅದು ಹೀಗೆ ಯೋಚಿಸುತ್ತದೆ: ಒಂದು ಪಾವತಿಯ ಪಟ್ಟಿ ನಂಬರ್ ಗೊತ್ತಿಲ್ಲ, ಅದು 4127 ಇದ್ದರೂ ಇರಬಹುದು, ಹಾಗಾಗಿ ಖಂಡಿತ ಇಲ್ಲ ಅಂತ ಹೇಳಲು ಬರುವುದಿಲ್ಲ. ಪ್ರತಿ ಪಟ್ಟಿಗೂ ಇದೇ ಉತ್ತರ. ಕೊನೆಗೆ ಯಾದಿಯಲ್ಲಿ ಯಾರೂ ಉಳಿಯುವುದಿಲ್ಲ. ಇದು ಎಸ್‌ಕ್ಯುಎಲ್‌ನ ನಿಯಮ, ಪೋಸ್ಟ್‌ಗ್ರೆಸ್ ಅದನ್ನು ಸರಿಯಾಗಿ ಪಾಲಿಸಿದೆ. ತಪ್ಪು ನನ್ನ ಕ್ವೆರಿಯದು. ಆದರೂ ಒಂದು ಎಚ್ಚರಿಕೆಯ ಸಾಲಾದರೂ ಬರಬಾರದಿತ್ತಾ ಅಂತ ಅನಿಸುತ್ತದೆ. ಎರರ್ ಇಲ್ಲ, ಸದ್ದಿಲ್ಲ, ಸುಮ್ನೆ ಸೊನ್ನೆ ಸಾಲು.

ಅವತ್ತು ಅವಸರದಲ್ಲಿ, ನಂಬರ್ ಖಾಲಿ ಇಲ್ಲದ ಪಾವತಿಗಳನ್ನು ಮಾತ್ರ ನೋಡು ಅಂತ ಒಂದು ಷರತ್ತು ಸೇರಿಸಿ ಬಿಟ್ಟೆ. ಯಾದಿ ವಾಪಸ್ ಬಂತು. ಜನವರಿಯಲ್ಲಿ ಎರಡನೇ ಪೆಟ್ಟು ಬಿತ್ತು. ಕಾಲು ಸೆಕೆಂಡಿನಲ್ಲಿ ಬರುತ್ತಿದ್ದ ಅದೇ ಯಾದಿ ಒಂದು ದಿನ ನಾಲ್ಕು ನಿಮಿಷ ದಾಟಿದರೂ ಬರಲಿಲ್ಲ. ನಾನು ಏನನ್ನೂ ಬದಲಿಸಿರಲಿಲ್ಲ. ಹಿಂದಿನ ದಿನಕ್ಕಿಂತ ಕೆಲವು ನೂರು ಪಾವತಿ ಜಾಸ್ತಿ ಆಗಿದ್ದವು, ಅಷ್ಟೇ.

ಇಂಥ ಹೊತ್ತಿನಲ್ಲಿ ಪೋಸ್ಟ್‌ಗ್ರೆಸ್ ಕೊಡುವ ಒಂದು ಸಲಕರಣೆ ನನಗೆ ತುಂಬಾ ಇಷ್ಟ: 'ಎಕ್ಸ್‌ಪ್ಲೇನ್ ಅನಲೈಝ್'. ಕ್ವೆರಿಯ ಮುಂದೆ ಈ ಎರಡು ಪದ ಹಾಕಿದರೆ ಅದು ಕ್ವೆರಿಯನ್ನು ನಿಜವಾಗಿ ಓಡಿಸಿ, ಯಾವ ದಾರಿಯಲ್ಲಿ ಹೋದೆ, ಎಲ್ಲಿ ಎಷ್ಟು ಹೊತ್ತು ಆಯಿತು, ಎಷ್ಟು ಸಾಲು ಬರಬಹುದು ಅಂದುಕೊಂಡಿದ್ದೆ, ಎಷ್ಟು ಬಂದವು ಅಂತ ಎಲ್ಲ ಬಿಡಿಸಿ ಹೇಳುತ್ತದೆ. ನಿಜವಾಗಿ ಓಡಿಸುತ್ತದೆ ಅನ್ನುವುದು ನೆನಪಿರಲಿ. ಡಿಲೀಟ್ ಕ್ವೆರಿಗೆ ಹಾಕುವುದಾದರೆ ಮೊದಲು 'ಬಿಗಿನ್', ಆಮೇಲೆ ಮಾಡಿದ್ದನ್ನು ರದ್ದು ಮಾಡುವ 'ರೋಲ್‌ಬ್ಯಾಕ್' ಮರೆಯಬಾರದು.

ಹಳೆಯ ಬ್ಯಾಕಪ್‌ನಲ್ಲಿ ಓಡಿಸಿದ ಪ್ಲಾನನ್ನೂ ಆ ದಿನದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಫಿಲ್ಟರ್ ಸಾಲಿನಲ್ಲಿ ಮೊದಲು 'ನಾಟ್ ಹ್ಯಾಶ್ಡ್ ಸಬ್‌ಪ್ಲಾನ್ 1' ಅಂತ ಇತ್ತು. ಈಗ 'ನಾಟ್ ಸಬ್‌ಪ್ಲಾನ್ 1'. ಸಬ್‌ಪ್ಲಾನ್ ಅಂದರೆ ಒಳಗಿನ ಕ್ವೆರಿಯ ಪಾಲಿನ ಪ್ಲಾನ್. 'ಹ್ಯಾಶ್ಡ್' ಅನ್ನುವ ಒಂದೇ ಪದ ಮಾಯ. ಆ ಪದ ಇದ್ದಾಗ ಪೋಸ್ಟ್‌ಗ್ರೆಸ್ ಎಲ್ಲ ಪಾವತಿ ನಂಬರ್‌ಗಳನ್ನು ಒಮ್ಮೆ ಓದಿ, ಮೆಮೊರಿಯಲ್ಲಿ ಗೂಡು ಗೂಡಾಗಿ ಜೋಡಿಸಿ ಇಟ್ಟುಕೊಳ್ಳುತ್ತದೆ. ಒಂದೊಂದು ಪಟ್ಟಿಗೂ ನೇರ ಅದರ ಗೂಡಿಗೆ ಕೈ ಹಾಕಿ ನೋಡುತ್ತದೆ. ಪದ ಇಲ್ಲ ಅಂದರೆ ಪ್ರತಿ ಪಟ್ಟಿಗೂ ಪಾವತಿಗಳನ್ನು ಮೊದಲಿನಿಂದ ಒಂದೊಂದಾಗಿ ನೋಡುತ್ತಾ ಹೋಗುತ್ತದೆ. ಅವತ್ತು ಯಾದಿ ಕೇಳಿದ ಅಂಗಡಿಯದು 24,000 ಪಟ್ಟಿ. ಹನ್ನೊಂದೂ ಅಂಗಡಿಗಳ ಪಾವತಿ ಸೇರಿ ಎರಡೂವರೆ ಲಕ್ಷಕ್ಕೂ ಮೇಲೆ. ಗುಣಿಸಿ ನೋಡಿ.

ಪದ ಯಾಕೆ ಮಾಯವಾಯಿತು ಅಂತ ಲೆಕ್ಕ ಹಾಕಿದಾಗ ಖುಷಿಯಾಯಿತು, ಯಾಕಂದರೆ ಲೆಕ್ಕ ಸರಿಯಾಗಿ ಕೂತಿತು. ಒಂದು ಕೆಲಸಕ್ಕೆ ಎಷ್ಟು ಮೆಮೊರಿ ಬಳಸಬಹುದು ಅಂತ ಹೇಳುವ 'ವರ್ಕ್ ಮೆಮ್' ಸೆಟ್ಟಿಂಗ್ ನಾವು ಮುಟ್ಟದಿದ್ದರೆ 4 ಎಂಬಿ. 2022ರಲ್ಲಿ ಬಂದ 15ನೇ ಆವೃತ್ತಿಯಿಂದ ಹ್ಯಾಶ್ ಕೆಲಸಕ್ಕೆ ಅದರ ಎರಡು ಪಟ್ಟು, ಅಂದರೆ 8 ಎಂಬಿ ಸಿಗುತ್ತದೆ. ಇಂಟಿಜರ್ ನಂಬರ್ ಇರುವ ಒಂದು ಸಾಲಿಗೆ ಪ್ಲಾನರ್ 32 ಬೈಟ್ ಅಂತ ಅಂದಾಜು ಹಿಡಿಯುತ್ತದೆ. 8 ಎಂಬಿಯನ್ನು 32ರಿಂದ ಭಾಗಿಸಿದರೆ 2,62,144. ಸಾಲುಗಳ ಅಂದಾಜು ಇದನ್ನು ದಾಟಿದರೆ ಹ್ಯಾಶ್ ಮಾಡುವುದಿಲ್ಲ. ಪರೀಕ್ಷೆಗೆ ಎರಡು ನಕಲು ಮಾಡಿದೆ, ಒಂದರಲ್ಲಿ 2,58,000 ಪಾವತಿ, ಇನ್ನೊಂದರಲ್ಲಿ 2,66,000. ಮೊದಲನೆಯದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಎರಡನೆಯದು ನಡೆಯುವಾಗ ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ವರ್ಕ್ ಮೆಮ್ ಅನ್ನು 16 ಎಂಬಿ ಮಾಡಿದರೆ ಆ ಪದ ಮತ್ತೆ ಬರುತ್ತದೆ. ಮಾಡಿ ನೋಡಿದೆ, ಬಂತು. ಆದರೆ ಅದು ಗೋಡೆಯನ್ನು ಹತ್ತು ಲಕ್ಷ ಸಾಲಿನ ತನಕ ಆಚೆ ತಳ್ಳಿದ ಹಾಗೆ ಅಷ್ಟೇ, ಗೋಡೆ ಇದ್ದೇ ಇದೆ. ನಿಜವಾದ ಪರಿಹಾರ 'ನಾಟ್ ಎಕ್ಸಿಸ್ಟ್ಸ್'. ಈ ಪಟ್ಟಿಗೆ ಸೇರಿದ ಒಂದು ಪಾವತಿಯೂ ಇಲ್ಲದಿದ್ದರೆ ತೋರಿಸು ಅಂತ ಬರೆಯುವುದು. ನಮ್ಮ ಬಾಯಲ್ಲಿ ಎರಡೂ ಒಂದೇ ಮಾತು, ಡೇಟಾಬೇಸಿಗೆ ಬೇರೆ ಬೇರೆ. ಇದರಲ್ಲಿ ನಲ್ ತೊಂದರೆ ಇಲ್ಲ. ಹಾಗಾಗಿ ಪ್ಲಾನರ್ ಇದನ್ನು ಧೈರ್ಯವಾಗಿ ಆಂಟಿ ಜಾಯಿನ್ ಆಗಿ, ಅಂದರೆ ಎರಡು ಟೇಬಲ್‌ಗಳನ್ನು ಜೋಡಿಸಿ (ಜಾಯಿನ್) ಜೋಡಿ ಸಿಗದ ಸಾಲನ್ನಷ್ಟೇ ಉಳಿಸಿಕೊಳ್ಳುವ ಕೆಲಸವಾಗಿ, ಬದಲಿಸುತ್ತದೆ. 2009ರ 8.4ನೇ ಆವೃತ್ತಿಯಿಂದಲೇ ಈ ಸೌಲಭ್ಯ ಇದೆ. ಗೂಡು ಮಾಡಿ ಜೋಡಿಸುವ ಹ್ಯಾಶ್ ಜಾಯಿನ್‌ಗೆ ಮೆಮೊರಿ ಸಾಲದಿದ್ದರೆ ಭಾಗ ಮಾಡಿ ಡಿಸ್ಕಿನಲ್ಲಿಟ್ಟು ಮುಗಿಸುತ್ತದೆ, ಹ್ಯಾಶ್ಡ್ ಸಬ್‌ಪ್ಲಾನ್‌ಗೆ ಅದು ಬರುವುದಿಲ್ಲ. 16ರಲ್ಲಿ ಇನ್ನೊಂದು ಒಳ್ಳೆಯದಾಗಿದೆ. ಎರಡರಲ್ಲಿ ಸಣ್ಣದು ಪಟ್ಟಿಯ ಕಡೆಯಾದರೆ ಅದನ್ನೇ ಹ್ಯಾಶ್ ಮಾಡಿಕೊಳ್ಳುತ್ತದೆ. ನನ್ನ ಪ್ಲಾನಿನಲ್ಲಿ 'ಹ್ಯಾಶ್ ರೈಟ್ ಆಂಟಿ ಜಾಯಿನ್' ಅಂತ ಬಂದದ್ದು ಇದೇ. ಎರಡೂ ನಕಲಿನಲ್ಲಿ ಸಮಯ ಹೆಚ್ಚು ಕಡಿಮೆ ಒಂದೇ.

ಇದಾದ ಮೇಲೆ ಸುಮ್ಮನೆ ಕೂರಲು ಮನಸ್ಸು ಬರಲಿಲ್ಲ. ವರದಿಗಳಲ್ಲಿರುವ ಪ್ರತಿ ಸಬ್‌ಕ್ವೆರಿಯನ್ನೂ ಕೂತು ಪರೀಕ್ಷಿಸಿದೆ.

ಮೊದಲು ಪೋಸ್ಟ್‌ಗ್ರೆಸ್‌ನ 'ಜನರೇಟ್ ಸೀರೀಸ್' ಬಳಸಿ ಸುಳ್ಳು ಡೇಟಾ ತುಂಬಿದೆ. ಅದು ಉಪಯೋಗಕ್ಕೆ ಬರಲಿಲ್ಲ. ಸುಳ್ಳು ಡೇಟಾದಲ್ಲಿ ವರ್ಷವಿಡೀ ಸಮನಾಗಿ ಹತ್ತಿ ಬರುತ್ತದೆ, ಎಲ್ಲ ರೈತರಿಗೂ ಸಮನಾಗಿ ಪಟ್ಟಿ ಇರುತ್ತದೆ. ನಮ್ಮ ಗಂಜಿನಲ್ಲಿ ಹಾಗಿದೆಯಾ? ದೀಪಾವಳಿ ಮುಗಿದ ಮೇಲೆ ಗಾಡಿಗಳು ಸಾಲುಗಟ್ಟುತ್ತವೆ, ಬೇಸಿಗೆಯಲ್ಲಿ ಅಂಗಳ ಬಣಬಣ. ಒಬ್ಬ ರೈತನಿಗೆ ಎರಡು ಪಟ್ಟಿ ಇದ್ದರೆ ಇನ್ನೊಬ್ಬನಿಗೆ ಎಪ್ಪತ್ತು. ಪ್ಲಾನರ್ ದಾರಿ ಆರಿಸುವುದು ಇಂಥ ಏರುಪೇರು ನೋಡಿಯೇ. ಕೊನೆಗೆ ನಿಜವಾದ ಡೇಟಾವನ್ನೇ ತೆಗೆದುಕೊಂಡು, ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ ಎಲ್ಲ ಅಳಿಸಿ, ಅದರ ಮೇಲೆ ಪರೀಕ್ಷೆ ಮಾಡಿದೆ. ತುಂಬಿದ ಕೂಡಲೇ 'ಅನಲೈಝ್' ಓಡಿಸಬೇಕು, ಇಲ್ಲದಿದ್ದರೆ ಪ್ಲಾನರ್ ಕೈಯಲ್ಲಿ ಅಂಕಿಅಂಶವೇ ಇರುವುದಿಲ್ಲ. ಅದು ಟೇಬಲ್ಲನ್ನು ಪೂರ್ತಿ ಓದುವುದಿಲ್ಲ, ಮಾಮೂಲಿ ಸೆಟ್ಟಿಂಗಿನಲ್ಲಿ 30,000 ಸಾಲುಗಳ ಸ್ಯಾಂಪಲ್ ತೆಗೆಯುತ್ತದೆ. ಹತ್ತಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡುವ ಖರೀದಿದಾರರ ಹಾಗೆ.

ಇನ್ನೊಂದು ವರದಿಯಲ್ಲಿ ಪ್ರತಿ ರೈತನ ಮುಂದೆ ಅವನಿಗೆ ಕೊನೆಯ ಪಾವತಿ ಆದ ತಾರೀಖು ಬೇಕು. ರೈತನ ನಂಬರ್ ಹಿಡಿದು ಒಳಗಿನ ಕ್ವೆರಿ ಪ್ರತಿ ಸಲ ಹೊಸದಾಗಿ ಓಡುತ್ತದೆ, ಪೋಸ್ಟ್‌ಗ್ರೆಸ್ ಇದನ್ನು ತಾನಾಗಿ ಜಾಯಿನ್ ಮಾಡುವುದಿಲ್ಲ. ಪ್ಲಾನಿನಲ್ಲಿ ಸಬ್‌ಪ್ಲಾನ್ ಮುಂದೆ ಸಮಯ 20 ಮಿಲಿಸೆಕೆಂಡ್ ಅಂತ ಇತ್ತು. ಪರವಾಗಿಲ್ಲ ಅನಿಸಿತು. ಅದೇ ಸಾಲಿನ ಕೊನೆಯಲ್ಲಿ 'ಲೂಪ್ಸ್ 18342'. ಅಲ್ಲಿ ತೋರಿಸುವುದು ಒಂದು ಸುತ್ತಿನ ಸರಾಸರಿ, ಲೂಪ್ಸ್‌ನಿಂದ ಗುಣಿಸಿದರೆ ಆರು ನಿಮಿಷದ ಮೇಲೆ. ಹೊಸಬರು ಜಾಸ್ತಿ ಎಡವುವುದು ಇಲ್ಲೇ ಅಲ್ವಾ? ಪಾವತಿ ಟೇಬಲ್‌ನ ರೈತ ನಂಬರ್ ಕಾಲಮ್ಮಿಗೆ ಇಂಡೆಕ್ಸ್, ಅಂದರೆ ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಸೂಚಿ, ಇರಲಿಲ್ಲ. ಈ ನಂಬರ್ ರೈತರ ಟೇಬಲ್‌ನಲ್ಲಿ ಇರಲೇಬೇಕು ಅನ್ನುವ ಫಾರಿನ್ ಕೀ ಹಾಕಿದರೆ ಇಂಡೆಕ್ಸ್ ತಾನಾಗಿ ಬರುತ್ತದೆ ಅಂದುಕೊಂಡಿದ್ದೆ, ಪೋಸ್ಟ್‌ಗ್ರೆಸ್‌ನಲ್ಲಿ ಬರುವುದಿಲ್ಲ. ರೈತ ನಂಬರ್, ತಾರೀಖು ಎರಡನ್ನೂ ಸೇರಿಸಿ ಒಂದು ಇಂಡೆಕ್ಸ್ ಹಾಕಿದೆ. ಒಂದು ಸುತ್ತು 0.011 ಮಿಲಿಸೆಕೆಂಡಿಗೆ ಇಳಿಯಿತು. ಇಡೀ ವರದಿ ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಬಂತು.

ವೇಗ ಒಂದನ್ನೇ ನೋಡಿದ್ದರೆ ಇನ್ನೊಂದು ಕಡೆ ಮತ್ತೆ ಬೀಳುತ್ತಿದ್ದೆ. ಈ ಸೀಸನ್ನಿನಲ್ಲಿ ಯಾವ ರೈತನದು ಎಷ್ಟು ಪಟ್ಟಿ ಅಂತ ಎಣಿಸುವ ಸಬ್‌ಕ್ವೆರಿ ಇತ್ತು. ಅದನ್ನು ಜಾಯಿನ್ ಮಾಡಿ ಗುಂಪು ಮಾಡಿದೆ, ಬೇಗ ಬಂತು. ಆದರೆ 18,342 ರೈತರ ಬದಲು 11,906 ಮಂದಿ. ಈ ವರ್ಷ ಹತ್ತಿ ತರದವರ ಮುಂದೆ ಸೊನ್ನೆ ಬರಬೇಕಿತ್ತು, ಅವರೇ ಇಲ್ಲ. ಜೋಡಿ ಸಿಗದವರನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಮಾಡಿ, ಸಾಲುಗಳನ್ನು ಎಣಿಸುವ 'ಕೌಂಟ್ ಸ್ಟಾರ್' ಹಾಕಿದರೆ ಅವರೆಲ್ಲರ ಮುಂದೆ ಸೊನ್ನೆ ಬದಲು ಒಂದು ಬರುತ್ತದೆ. ಪಟ್ಟಿ ನಂಬರ್ ಕಾಲಮ್ಮನ್ನೇ ಎಣಿಸಿದಾಗ ಸರಿಹೋಯಿತು. ಇದು ಹಳೆಯ ಹೊಂಡ. 1982ರಲ್ಲಿ ವಾನ್ ಕಿಮ್ ಅನ್ನುವ ಸಂಶೋಧಕರು ಸಬ್‌ಕ್ವೆರಿಯನ್ನು ಜಾಯಿನ್ ಆಗಿ ಬದಲಿಸುವ ವಿಧಾನ ಕೊಟ್ಟರು. ಎಣಿಕೆ ಬಂದಾಗ ಅದು ತಪ್ಪು ಉತ್ತರ ಕೊಡುತ್ತದೆ ಅಂತ ಆಮೇಲೆ ಬೇರೆಯವರು ತೋರಿಸಿದರು. ಅದಕ್ಕೆ 'ಕೌಂಟ್ ಬಗ್' ಅಂತಲೇ ಹೆಸರಿದೆ. ಅಂಥವರೇ ಜಾರಿದ ಜಾಗ ಅದು.

ಹಾಗಾಗಿ ಈಗ ಕ್ವೆರಿ ತಿದ್ದಿದಾಗ ನಾನು ಗಡಿಯಾರ ನೋಡುವುದು ಆಮೇಲೆ. ಮೊದಲು ಹಳೆಯ ಉತ್ತರದಿಂದ ಹೊಸದನ್ನು 'ಎಕ್ಸೆಪ್ಟ್ ಆಲ್' ಹಾಕಿ ಕಳೆಯುತ್ತೇನೆ, ಆಮೇಲೆ ತಿರುಗಿಸಿ ಕಳೆಯುತ್ತೇನೆ. ಎರಡೂ ಕಡೆ ಏನೂ ಉಳಿಯಬಾರದು. ಪರೀಕ್ಷೆಯ ಡೇಟಾದಲ್ಲಿ ಬೇಕಂತಲೇ ಒಂದು ಮುಂಗಡ, ಒಂದೂ ಪಟ್ಟಿ ಇಲ್ಲದ ರೈತ, ಎರಡು ಕಂತಿನಲ್ಲಿ ಪಾವತಿ ಆದ ಪಟ್ಟಿ ಇಟ್ಟಿರುತ್ತೇನೆ. ಈ ಮೂವರು ನನ್ನ ಖಾಯಂ ಗಿರಾಕಿಗಳು.

ಪೋಸ್ಟ್‌ಗ್ರೆಸ್ ಬಗ್ಗೆ ನನ್ನ ಮಾತು ಇಷ್ಟು. ಇನ್, ಎಕ್ಸಿಸ್ಟ್ಸ್, ನಾಟ್ ಎಕ್ಸಿಸ್ಟ್ಸ್ ಬರೆದರೆ ಕಣ್ಣು ಮುಚ್ಚಿ ನಂಬುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಹೊರಗಿನ ಸಾಲಿಗೆ ಸಂಬಂಧವೇ ಇಲ್ಲದ ಸಬ್‌ಕ್ವೆರಿಯನ್ನು, ಉದಾಹರಣೆಗೆ ಕೊನೆಯ ಟೆಂಡರ್ ತಾರೀಖು ಯಾವುದು ಅನ್ನುವಂಥದ್ದನ್ನು, ಒಂದೇ ಸಲ ಓಡಿಸಿ ಉತ್ತರ ಇಟ್ಟುಕೊಳ್ಳುತ್ತದೆ. ನಾಟ್ ಇನ್ ಮಾತ್ರ ನನ್ನ ಯಾವ ವರದಿಯಲ್ಲೂ ಇನ್ನು ಇಲ್ಲ. ಪ್ಲಾನ್ ಓದುವುದು ಮೊದಮೊದಲು ಕಷ್ಟ. ನನಗೆ ಕೈ ಕೂರಲು ಎರಡು ವಾರ ಬೇಕಾಯಿತು. ಸಣ್ಣ ಊರಿನಲ್ಲಿ ಒಬ್ಬರೇ ಕೂತು ಇಂಥ ಕೆಲಸ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ, ಆ ಎರಡು ವಾರವನ್ನೂ ಸೇರಿಸಿಯೇ ಹೇಳುತ್ತೇನೆ.

ಪಕ್ಕದ ಯಂತ್ರದಲ್ಲಿ 17 ಹಾಕಿ ನೋಡುತ್ತಿದ್ದೇನೆ. ಒಬ್ಬ ರೈತನಿಗೆ ಮುಂಗಡ ಕೊಟ್ಟ ದಿನವೇ ಅವನ ಪಟ್ಟಿಯೂ ಆಗಿದೆಯಾ ಅಂತ ಹುಡುಕುವ ಒಂದು 'ಇನ್' ಸಬ್‌ಕ್ವೆರಿ ನನ್ನಲ್ಲಿದೆ. ಅದರ ಒಳಗೆ ಹೊರಗಿನ ರೈತ ನಂಬರ್ ಬಳಸುವುದರಿಂದ 16ರಲ್ಲಿ ಅದು ಸಬ್‌ಪ್ಲಾನ್ ಆಗಿಯೇ ಉಳಿಯುತ್ತಿತ್ತು. 17ರಲ್ಲಿ ಅದೇ ಕ್ವೆರಿ, ಒಂದಕ್ಷರ ಬದಲಿಸದೆ, ಜೋಡಿ ಸಿಕ್ಕ ಸಾಲನ್ನು ಒಮ್ಮೆ ಮಾತ್ರ ಇಟ್ಟುಕೊಳ್ಳುವ ಸೆಮಿ ಜಾಯಿನ್ ಆಗಿ ಬಂತು. ಎಕ್ಸೆಪ್ಟ್ ಆಲ್ ಎರಡೂ ಕಡೆ ಸೊನ್ನೆ. ಉಳಿದ ವರದಿಗಳೂ ಹೀಗೇ ಹೊಂದಿದರೆ ಜೂನ್‌ನಲ್ಲಿ, ಗಂಜು ಖಾಲಿ ಇರುವಾಗ, ಹನ್ನೊಂದೂ ಅಂಗಡಿಗಳನ್ನು 17ಕ್ಕೆ ಸಾಗಿಸುತ್ತೇನೆ.