ಚಂದ್ರಗಿರಿ ಹೊಳೆಯ ಎರಡು ದಡ: ಬುಕಾನನ್ನನ ಮೂರನೆಯ ಸಂಪುಟ ಮತ್ತು ದಕ್ಷಿಣ ಕನ್ನಡದ ಮ್ಯಾನ್ಯುಯಲ್

ಕಾಸರಗೋಡಿನ ಚರಿತ್ರೆಯನ್ನು ಮೂಲ ಆಕರಗಳಿಂದಲೇ ಓದಬೇಕೆಂದು ಹೊರಟವರಿಗೆ ಎದುರಾಗುವ ಮೊದಲ ತೊಡಕು ಪುಸ್ತಕಗಳ ಕೊರತೆಯಲ್ಲ, ಅವು ಚದುರಿಹೋಗಿರುವ ರೀತಿ. 1956ರ ನವೆಂಬರ್ 1ರವರೆಗೆ ಈ ನೆಲ ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯ ತೆಂಕಣ ತುದಿಯಾಗಿತ್ತು. ಅನಂತರ ಕೇರಳಕ್ಕೆ ಸೇರಿ, 1984ರಲ್ಲಿ ತಾನೇ ಒಂದು ಜಿಲ್ಲೆಯಾಯಿತು. ಹಾಗಾಗಿ ಮೈಸೂರಿನ ಚರಿತ್ರೆಯ ಗ್ರಂಥಗಳಲ್ಲಿ ಇದು ಅಂಚಿನ ಊರು, ಮಲಬಾರಿನ ಗ್ರಂಥಗಳಲ್ಲಿ ಹೊರಗಿನ ಊರು. ವಿಲಿಯಂ ಲೋಗನ್ನನ ಪ್ರಸಿದ್ಧ ಮಲಬಾರ್ ಮ್ಯಾನ್ಯುಯಲ್ (1887) ಎಂಬ ಜಿಲ್ಲಾ ಕೈಪಿಡಿ ಕೂಡ ಇನ್ನೊಂದು ಜಿಲ್ಲೆಯ ಕಥನವೇ ಆದುದರಿಂದ, ನಮ್ಮ ಊರುಗಳನ್ನು ಅದರಲ್ಲಿ ಹುಡುಕುವವರಿಗೆ ಹೆಚ್ಚೇನೂ ಸಿಗುವುದಿಲ್ಲ. ನಿಜವಾಗಿ ನಮ್ಮ ಕೈಹಿಡಿಯುವ ಹಳೆಯ ಇಂಗ್ಲಿಷ್ ಗ್ರಂಥಗಳು ಎರಡು. ಅವುಗಳಲ್ಲಿ ಯಾವುದನ್ನು ಮೊದಲು ಓದಬೇಕು, ಯಾವ ಮುದ್ರಣವನ್ನು ಕೊಳ್ಳಬಾರದು ಎಂಬುದನ್ನು ಹೇಳಲು ಈ ವಿಮರ್ಶೆ.

ಮೊದಲನೆಯದು, ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಲಂಡನ್ನಿನಿಂದ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಪ್ರವಾಸ ಕಥನ. ನಮ್ಮ ಕರಾವಳಿಯ ಭಾಗವಿರುವುದು ಅದರ ಮೂರನೆಯ ಸಂಪುಟದಲ್ಲಿ. ಟಿಪ್ಪು ಮಡಿದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟ ಈ ಕಂಪನಿ ವೈದ್ಯ, ಮೈಸೂರು, ಕೊಯಮತ್ತೂರು, ಮಲಬಾರುಗಳನ್ನು ಸುತ್ತಿ 1801ರ ಜನವರಿಯಲ್ಲಿ ನಮ್ಮ ಕರಾವಳಿಗೆ ಬಂದ. ಆತ ಬಡಗಿನಿಂದ ಇಳಿಯದೆ ತೆಂಕಿನಿಂದ ಹತ್ತಿ ಬಂದುದು ಓದುಗರಿಗೆ ದೊಡ್ಡ ಲಾಭ. ಮಲಬಾರಿನಲ್ಲಿ ವಾರಗಟ್ಟಲೆ ನೋಡಿದ ಮನೆ, ಗದ್ದೆ, ಗೇಣಿಯ ಕ್ರಮಗಳು ಆತನ ಕಣ್ಣಲ್ಲಿ ಇನ್ನೂ ಹಸಿಯಾಗಿದ್ದುದರಿಂದ, ಹೊಸದುರ್ಗ, ಬೇಕಲ, ಕುಂಬಳೆ, ಮಂಜೇಶ್ವರಗಳನ್ನು ದಾಟುತ್ತ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದನ್ನು ಹೋಲಿಸಿಯೇ ಬರೆಯುತ್ತಾನೆ. ಮಲೆಯಾಳಕ್ಕೂ ತುಳುವಕ್ಕೂ ಚಂದ್ರಗಿರಿ ಹೊಳೆಯೇ ಗಡಿ ಎಂಬ ನಂಬಿಕೆಯನ್ನು ಆತ ದಾಖಲಿಸಿದ್ದಾನೆ. 1967ರ ಮಹಾಜನ ವರದಿ ಇದೇ ಹೊಳೆಯ ಬಡಗಣ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತೆಂಬುದನ್ನು ಬಲ್ಲ ನಮಗೆ, ಒಂದೂವರೆ ಶತಮಾನಕ್ಕೂ ಹಿಂದಿನ ಆ ಸಾಲುಗಳನ್ನು ಓದುವಾಗ ಮನಸ್ಸು ಭಾರವಾಗುತ್ತದೆ.

ಆದರೂ ಬುಕಾನನ್ನನನ್ನು ಒಬ್ಬನೇ ಸಾಕ್ಷಿಯೆಂದು ನಂಬಿ ಕೂರುವುದು ಸರಿಯಲ್ಲ. ಆತ ಕಾಸರಗೋಡಿನ ನೆಲದಲ್ಲಿ ಕಳೆದುದು ಕೆಲವೇ ದಿನಗಳು. ಕೇಳಿದುದೆಲ್ಲ ದುಭಾಷಿಗಳ ಬಾಯಿಂದ. ಊರ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದಿರುವುದರಿಂದ ಇಂದಿನ ಕಾಗುಣಿತ ಹಿಡಿದು ಹುಡುಕಿದರೆ ಸಿಗುವುದಿಲ್ಲ. ದಿನಾಂಕದ ಜಾಡು ಹಿಡಿದೇ ಓದಬೇಕು.

ಎರಡನೆಯದಾದ ದಕ್ಷಿಣ ಕನ್ನಡ ಜಿಲ್ಲೆಯ ಮ್ಯಾನ್ಯುಯಲ್ಲೇ ನನ್ನ ಮಟ್ಟಿಗೆ ಮೊದಲು ಓದಬೇಕಾದ ಗ್ರಂಥ. ಇದರ ಮೊದಲ ಸಂಪುಟವನ್ನು ಸ್ಟರಕ್ 1894ರಲ್ಲಿ, ಎರಡನೆಯದನ್ನು ಹೆರಾಲ್ಡ್ ಸ್ಟುವರ್ಟ್ 1895ರಲ್ಲಿ ಹೊರತಂದರು. ಇದರ ಭಾಷೆ ಸರಕಾರಿ ಭಾಷೆ. ಓದಿನ ರುಚಿಯಲ್ಲಿ ಬುಕಾನನ್ನನಿಗೆ ಸಾಟಿಯಲ್ಲ. ಆದರೆ ನಮ್ಮ ಕಡೆಯ ಯಾವುದೇ ಹಳೆಯ ಮನೆಯ ಪೆಟ್ಟಿಗೆ ತೆರೆದರೆ ಸಿಗುವ ಕಾಗದಗಳಲ್ಲಿ ವರ್ಗ (ಸರಕಾರಕ್ಕೆ ಕಂದಾಯ ಕಟ್ಟುವ ಹಿಡುವಳಿ), ಮೂಲಗೇಣಿ, ಚಾಲಗೇಣಿ, ಕುಮ್ಕಿ (ಹಿಡುವಳಿಗೆ ತಾಗಿಕೊಂಡ, ಹಿಡುವಳಿದಾರನಿಗೆ ಬಳಕೆಯ ಸವಲತ್ತಿರುವ ಸರಕಾರಿ ನೆಲ) ಎಂಬ ಪದಗಳಿರುತ್ತವಲ್ಲ, ಅವು ಬರಿಯ ಪದಗಳಲ್ಲ, ಒಂದು ಸಮಾಜ ಭೂಮಿಯನ್ನು ಹಂಚಿಕೊಂಡ ಬಗೆ ಎಂಬುದು ಇದರ ಭೂಹಿಡುವಳಿಯ ಅಧ್ಯಾಯವನ್ನು ಓದಿದ ಮೇಲೆಯೇ ನನಗೆ ಅರ್ಥವಾಯಿತು. ನನ್ನ ಅಜ್ಜನ ಕಾಲದ ಒಂದು ಮೂಲಗೇಣಿ ಪತ್ರವನ್ನು ವರ್ಷಗಳಿಂದ ಮಡಚಿಟ್ಟಿದ್ದೆ. ಶಾಶ್ವತ ಗೇಣಿದಾರನಿಗೂ ವರ್ಷವರ್ಷದ ಕರಾರಿನ ಚಾಲಗೇಣಿದಾರನಿಗೂ ಇದ್ದ ಅಂತರವನ್ನು ತಿಳಿದು ಮತ್ತೆ ಬಿಡಿಸಿದಾಗ, ಅದರಲ್ಲಿನ ಒಂದೊಂದು ಷರತ್ತಿಗೂ ಜೀವ ಬಂದಂತಾಯಿತು.

ಆಸ್ತಿ ತಾಯಿಯ ಕಡೆಯಿಂದ ಇಳಿದುಬರುವ ಅಳಿಯಸಂತಾನ ಕಟ್ಟಿನ ಬಗೆಗೂ, ಕಂದಾಯ ಏರುತ್ತ ಬಂದ ಬಗೆಗೂ ಮ್ಯಾನ್ಯುಯಲ್ ಕೊಡುವ ವಿವರ ವಿಸ್ತಾರವಾದುದು. ಕಂದಾಯದ ವಿಷಯದಲ್ಲಿ ಬೆನ್ನೆಲುಬಾಗಿರುವುದು ಕೆನರಾದ, ಎಂದರೆ ಅಂದಿನ ಕನ್ನಡ ಕರಾವಳಿ ಜಿಲ್ಲೆಯ, ಮೊದಲ ಕಲೆಕ್ಟರನಾದ ಥಾಮಸ್ ಮನ್ರೋ 1800ರ ಮೇ 31ರಂದು ಕಂದಾಯ ಮಂಡಳಿಗೆ ಬರೆದ ಪತ್ರ. ವಿಜಯನಗರದ ಹರಿಹರನ ಕಾಲದ ನಿಗದಿಯಿಂದ ತೊಡಗಿ, ಕೆಳದಿಯ ಅರಸರು, ಹೈದರ್, ಟಿಪ್ಪು ಎಲ್ಲಿ ಎಷ್ಟು ಏರಿಸಿದರು ಎಂಬುದನ್ನು ಮನ್ರೋ ಅದರಲ್ಲಿ ಬಿಡಿಸಿಡುತ್ತಾನೆ. ಅಂದಿನ ಲೆಕ್ಕಗಳಿದ್ದುದು ಕಡತಗಳಲ್ಲಿ: ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು ಒಣಗಿಸಿ, ಬಳಪದಿಂದ ಬರೆದು ಮಡಚಿಡುತ್ತಿದ್ದ ಕಪ್ಪು ಪುಸ್ತಕಗಳು ಅವು. ಕಚೇರಿಯ ಕಾಗದದ ಕಟ್ಟಿಗೆ ನಾವು ಇಂದಿಗೂ ಕಡತವೆನ್ನುವುದು ಆ ಬಟ್ಟೆಯ ನೆನಪಿನಿಂದ.

ಮುದ್ರಣದ ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಬುಕಾನನ್ನನ ಮೂರನೆಯ ಸಂಪುಟದ ಮರುಮುದ್ರಣವೊಂದನ್ನು ನಾನು ಆನ್‌ಲೈನಿನಲ್ಲಿ ಸಾವಿರಕ್ಕೂ ಹೆಚ್ಚು ರೂಪಾಯಿ ಕೊಟ್ಟು ತರಿಸಿದೆ. ಸ್ಕ್ಯಾನ್ ಪ್ರತಿಯನ್ನೇ ಹಾಗೆಯೇ ಅಚ್ಚುಹಾಕಿ ಹೊಲಿದ ಪುಸ್ತಕ ಅದು. ಕೆಲವು ಪುಟಗಳ ಒಳಅಂಚಿನ ಅಕ್ಷರಗಳು ಹೊಲಿಗೆಯೊಳಗೆ ನುಂಗಿಹೋಗಿದ್ದವು. ಮಡಿಕೆಯ ಹಾಳೆಗಳನ್ನು ಬಿಡಿಸದೆ ಸ್ಕ್ಯಾನ್ ಮಾಡಿದ್ದರಿಂದ ಅವುಗಳ ಅರ್ಧ ಭಾಗ ಕಾಣೆಯಾಗಿತ್ತು. ಕೊಳ್ಳುವ ಮುನ್ನ ಒಳಪುಟಗಳ ಚಿತ್ರವನ್ನು ಕೇಳಿ ಪಡೆಯಿರಿ, ಕೊಡದವರಿಂದ ಕೊಳ್ಳಬೇಡಿ. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವ ಈ ಗ್ರಂಥಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ದೊರೆಯುತ್ತವೆ. ನಾನು ಕೊನೆಗೆ ಓದಿ ಮುಗಿಸಿದುದು ಅಲ್ಲಿನ ಪ್ರತಿಯನ್ನೇ.

ಶಾಸನಗಳನ್ನು ಹುಡುಕುವವರು ಹೆಚ್ಚಾಗಿ ರೈಸರ ಎಪಿಗ್ರಾಫಿಯಾ ಕರ್ನಾಟಿಕಾದ ಬಳಿಗೆ ಹೋಗಿ ನಿರಾಶರಾಗುತ್ತಾರೆ. ರೈಸರ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೀಮಿತವಾದವು, ನಮ್ಮ ಜಿಲ್ಲೆ ಅಂದು ಮದರಾಸಿನದು. ಬಾರಕೂರು, ಮಂಗಳೂರು, ಮೂಡುಬಿದಿರೆಗಳ ಕನ್ನಡ ಶಾಸನಗಳ ಪಾಠಕ್ಕೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ ಏಳನೆಯ ಸಂಪುಟವನ್ನು ನೋಡಬೇಕು. ಶಾಸನಗಳನ್ನು ಆಧರಿಸಿ ಬರೆದ ಚರಿತ್ರೆಗಳಲ್ಲಿ ಕೆ.ವಿ. ರಮೇಶರದು (1970) ಬಿಗಿಯಾದ ರಾಜಕೀಯ ಚರಿತ್ರೆ, ಗುರುರಾಜ ಭಟ್ಟರದು (1975) ದೇವಾಲಯ, ಮೂರ್ತಿಶಿಲ್ಪ, ಆಚರಣೆಗಳನ್ನು ಊರೂರು ಅಲೆದು ಕಂಡು ಬರೆದ ಬೃಹತ್ ಗ್ರಂಥ. ಎರಡೂ ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿ ಗಣಪತಿ ರಾವ್ ಐಗಳರ ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸ ಇಂದಿಗೂ ಓದಿಸಿಕೊಳ್ಳುತ್ತದೆ. ಐತಿಹ್ಯವನ್ನೂ ದಾಖಲೆಯನ್ನೂ ಬೇರ್ಪಡಿಸಿಕೊಂಡು ಓದುವ ಎಚ್ಚರ ಮಾತ್ರ ಓದುಗರಿಗೇ ಬಿಟ್ಟದ್ದು.

ಕೈಬರಹದ ಮೂಲ ದಾಖಲೆಗಳೇ ಬೇಕೆನ್ನುವವರು ಚೆನ್ನೈಗೆ ಹೋಗಲೇಬೇಕು. ಮದರಾಸು ಕಂದಾಯ ಮಂಡಳಿಯ ಕಾಗದಗಳು ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿವೆ. ಅಲ್ಲಿನ ಪಟ್ಟಿಗಳನ್ನು ನೋಡುವಾಗ ಒಂದು ವಿಷಯ ನೆನಪಿರಲಿ: ಹತ್ತೊಂಬತ್ತನೆಯ ಶತಮಾನದ ಹಳೆಯ ಕಾಗದಗಳಲ್ಲಿ ನಮ್ಮದು ಬೇಕಲ ತಾಲೂಕು. ಕಾಸರಗೋಡೆಂಬ ಹೆಸರಿನಲ್ಲಷ್ಟೇ ಹುಡುಕಿ ಏನೂ ಇಲ್ಲವೆಂದು ಹಿಂದಿರುಗಬೇಡಿ, ಬೇಕಲವೆಂದೂ ಹುಡುಕಿ.