ಧಡ್ ಅನ್ನುವ ಬಾಗಿಲು, ನನ್ನ ಸೆಕೆಂಡ್ ಹ್ಯಾಂಡ್ ಪೋಲೋ

ನಮ್ಮ ಭಾವನಿಗೆ ಕಾರು ಪರೀಕ್ಷೆ ಮಾಡಲು ಗೊತ್ತಿರುವುದು ಒಂದೇ ದಾರಿ. ಬಾಗಿಲು ತೆಗೆಯುವುದು, ಹಾಕುವುದು. ಧಡ್ ಅಂದರೆ ಗಟ್ಟಿ ಗಾಡಿ, ಟಪ್ ಅಂದರೆ ತಗಡಿನ ಡಬ್ಬಿ. 2021ರಲ್ಲಿ ನಾನು ದಾವಣಗೆರೆಯಲ್ಲಿ ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೋ ಹುಡುಕಲು ಹೊರಟಾಗ ಅವರೂ ಜೊತೆಗೆ ಬಂದರು. ನೋಡಿದ ಮೊದಲ ಗಾಡಿಯ ಬಾಗಿಲು ಧಡ್ ಅಂತು. ಭಾವ ಅಡ್ವಾನ್ಸ್ ಕೊಡಲು ಅಲ್ಲೇ ಜೇಬಿಗೆ ಕೈ ಹಾಕಿದರು.

ಅದು 2012ರ ಟ್ರೆಂಡ್‌ಲೈನ್, ಅಂದರೆ ಪೋಲೋದ ಕೆಳಗಿನ ಮಾದರಿ. ಸ್ಟೇರಿಂಗ್ ನಡುವೆ ನೋಡಿದೆ, ಏರ್‌ಬ್ಯಾಗ್ ಅನ್ನುವ ಅಕ್ಷರ ಎಲ್ಲೂ ಇಲ್ಲ. ಕೇಳಿದ್ದಕ್ಕೆ ಮಾರುವವನು, "ಮೇಡಂ, ಇದು ಜರ್ಮನ್ ಬಾಡಿ. ಇದಕ್ಕೆ ಏರ್‌ಬ್ಯಾಗ್ ಯಾಕೆ ಬೇಕು?" ಅಂದ.

ಈ ಪ್ರಶ್ನೆಗೆ ಇದೇ ಕಾರು ಮೊದಲೇ ಉತ್ತರ ಕೊಟ್ಟಿತ್ತು. 2014ರ ಜನವರಿಯಲ್ಲಿ, ಕಾರುಗಳನ್ನು ಬೇಕಂತಲೇ ಬಡಿಸಿ ಎಷ್ಟು ಸುರಕ್ಷಿತ ಅಂತ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮಲ್ಲಿ ಮಾರುವ ಐದು ಕಾರುಗಳ ಫಲಿತಾಂಶ ಹೊರಹಾಕಿತು. ಗಂಟೆಗೆ 64 ಕಿ.ಮೀ. ವೇಗ, ಮೂತಿಯ ಶೇ 40ರಷ್ಟು ಅಗಲ ಮಾತ್ರ ಅಡ್ಡಗೋಡೆಗೆ ಬಡಿಯಬೇಕು. ಆಲ್ಟೋ 800, ನ್ಯಾನೋ, ಐ10, ಫಿಗೋ, ಪೋಲೋ. ಐದು ಕಾರಿಗೂ ಐದರಲ್ಲಿ ಸೊನ್ನೆ ಸ್ಟಾರ್. ಆದರೆ ಎಲ್ಲ ಸೊನ್ನೆಯೂ ಒಂದೇ ಅಲ್ಲ. ಫಿಗೋ ಮತ್ತು ಪೋಲೋದಲ್ಲಿ ಜನ ಕೂರುವ ಗೂಡು ಗಟ್ಟಿಯಾಗಿ ನಿಂತಿತ್ತು. ಉಳಿದ ಮೂರರಲ್ಲಿ ನಿಲ್ಲಲಿಲ್ಲ. ಅಂದರೆ ಬಾಡಿ ವಿಷಯದಲ್ಲಿ ಆ ಮಾರುವವನು ಹೇಳಿದ್ದು ಪೂರ್ತಿ ಸುಳ್ಳಲ್ಲ! ಗೂಡೇನೋ ಉಳಿಯಿತು, ಒಳಗೆ ಮನುಷ್ಯರ ಬದಲು ಕೂರಿಸಿದ್ದ ಬೊಂಬೆಯ ತಲೆ ಹೋಗಿ ಸ್ಟೇರಿಂಗಿಗೆ ಬಡಿಯಿತು. ಅದೇ ಪೋಲೋಗೆ ಎರಡು ಏರ್‌ಬ್ಯಾಗ್ ಇಟ್ಟು ಬಡಿಸಿದಾಗ ನಾಲ್ಕು ಸ್ಟಾರ್ ಬಂತು. ಆಮೇಲೆ ಕಂಪನಿಯವರು ಏರ್‌ಬ್ಯಾಗ್ ಇಲ್ಲದ ಪೋಲೋ ಮಾರುವುದನ್ನೇ ನಿಲ್ಲಿಸಿದರು.

ಯುರೋಪಿನಲ್ಲಿ ಇದೇ ತಲೆಮಾರಿನ ಪೋಲೋ 2009ರಲ್ಲೇ ಐದು ಸ್ಟಾರ್ ತಗೊಂಡಿತ್ತು. ಅಲ್ಲಿಯದಕ್ಕೆ ಪಕ್ಕದ ಏರ್‌ಬ್ಯಾಗೂ ಇತ್ತು. ಪರೀಕ್ಷೆಯ ನಿಯಮವೂ ಬೇರೆ, ಒಪ್ಪಿದೆ. ಆದರೂ ನೋಡಿ, ಗಾಡಿ ಕಟ್ಟಿದ ತಳಪಾಯ ಎರಡಕ್ಕೂ ಒಂದೇ, ಕಂಪನಿಯವರು ಪಿಕ್ಯೂ25 ಅನ್ನುವುದು. ಅಲ್ಲಿ ಐದು, ಪುಣೆ ಹತ್ತಿರದ ಚಾಕಣದಲ್ಲಿ ತಯಾರಾದದ್ದಕ್ಕೆ ನಾಲ್ಕು ಅಥವಾ ಸೊನ್ನೆ. ಜರ್ಮನ್ ಅನ್ನುವ ಒಂದೇ ಮಾತಿಗೆ ದುಡ್ಡು ಕೊಡುವವರು ಇದರಲ್ಲಿ ಯಾವ ಪೋಲೋ ತಗೊಳ್ತಿದ್ದಾರೆ ಅಂತ ಕೇಳಬೇಕು, ಅಲ್ವಾ?

ಟಾಟಾ ಅಂದರೆ ಟ್ಯಾಕ್ಸಿ ಅನ್ನುವ ಭಾವನ ಲೆಕ್ಕವೂ ಹೀಗೇ ತಲೆಕೆಳಗು. ಟಾಟಾದ ನೆಕ್ಸಾನ್ ಕಾರಿನ ತಳಪಾಯದ ಬೇರು ಹುಡುಕುತ್ತಾ ಹೋದರೆ ಹಳೆ ಇಂಡಿಕಾ ಸಿಗುತ್ತದೆ. 2018ರ ಆಗಸ್ಟ್‌ನಲ್ಲಿ ಆ ನೆಕ್ಸಾನ್‌ಗೆ ನಾಲ್ಕು ಸ್ಟಾರ್ ಬಂತು. ಸುಧಾರಿಸಿಕೊಂಡು ಮತ್ತೆ ಪರೀಕ್ಷೆಗೆ ಹೋಗಿ ಡಿಸೆಂಬರ್‌ನಲ್ಲಿ ಐದು ತಂದರು. ಗ್ಲೋಬಲ್ ಎನ್‌ಕ್ಯಾಪ್‌ನಿಂದ ಐದು ಪಡೆದ ಮೊದಲ ಭಾರತದ ಕಾರು ಅದೇ. ನನ್ನ ಬಜೆಟ್‌ಗೆ ಸಿಗಲಿಲ್ಲ, ಅಷ್ಟೇ.

ಎರಡನೇ ಗಾಡಿ 2015ರದ್ದು. ಸ್ಟೇರಿಂಗ್ ಮೇಲೆ ಏರ್‌ಬ್ಯಾಗ್ ಅಂತ ಇತ್ತು. ಕೀಲಿ ತಿರುಗಿಸಿದಾಗ ಮೀಟರಿನಲ್ಲಿ ಒಂದು ಕೆಂಪು ದೀಪ ಬರಬೇಕು: ಬೆಲ್ಟ್ ಹಾಕಿ ಕೂತ ಮನುಷ್ಯ, ಮುಂದೆ ಒಂದು ದುಂಡು ಚೆಂಡು. ಕೆಲವು ಸೆಕೆಂಡಿಗೆ ಅದು ಆರಬೇಕು. ಇಲ್ಲಿ ದೀಪ ಬರಲೇ ಇಲ್ಲ. "ಒಳ್ಳೇದಾಯ್ತಲ್ಲ ಮೇಡಂ, ಯಾವ ವಾರ್ನಿಂಗೂ ಇಲ್ಲ" ಅಂದರು ಆ ಅಂಗಡಿಯವರು. ನಾನು ಕರೆದುಕೊಂಡು ಹೋಗಿದ್ದ ಮೆಕ್ಯಾನಿಕ್ ಎಡಗಡೆ ಡ್ಯಾಶ್‌ಬೋರ್ಡ್ ಮೇಲೆ ಬೆರಳು ಸವರಿದ. ಒಂದು ಕಡೆ ಒರಟು, ಒಂದು ಕಡೆ ನುಣುಪು. "ಅಕ್ಕ, ಇದರ ಬ್ಯಾಗ್ ಒಮ್ಮೆ ಬಿಚ್ಚಿಕೊಂಡಿದೆ. ಖಾಲಿ ಮುಚ್ಚಳ ಹಾಕಿ ಪೇಂಟ್ ಹೊಡೆದಿದ್ದಾರೆ" ಅಂದ. ಅಲ್ಲಿ ಕೊಟ್ಟ ಟೀ ಕೂಡ ಕುಡಿಯದೆ ಎದ್ದು ಬಂದೆವು.

ಮೂರನೆಯದು ಈಗಿನದು. 2015ರ ಕಂಫರ್ಟ್‌ಲೈನ್, ಪೆಟ್ರೋಲ್, 4 ಲಕ್ಷ 10 ಸಾವಿರ. ದೀಪ ಬಂತು, ಆರಿತು. ದಿನಾ ಹರಿಹರಕ್ಕೆ ಹೋಗಿ ಬರುತ್ತೇನೆ. 1.2 ಲೀಟರಿನ ಮೂರು ಸಿಲಿಂಡರ್ ಇಂಜಿನ್ ಅವಸರದವರಿಗೆ ಅಲ್ಲ. ಲಾರಿ ದಾಟಿಸಬೇಕಾದರೆ ಒಂದು ಗೇರ್ ಕೆಳಗಿಳಿಸಲೇಬೇಕು. ಆದರೆ ಹೈವೇಯಲ್ಲಿ ಗಾಡಿ ರಸ್ತೆಗೆ ಅಂಟಿಕೊಂಡು ಹೋಗುವ ರೀತಿ ಇದೆಯಲ್ಲ, ಅದಕ್ಕೆ ಪೂರ್ತಿ ಮಾರ್ಕು ಕೊಡುತ್ತೇನೆ. ಹಿಂದಿನ ಸೀಟು ಇಬ್ಬರಿಗೆ ಸರಿ, ಮೂರನೆಯವರು ಮಗುವಾಗಿದ್ದರೆ ವಾಸಿ.

2022ರಲ್ಲಿ ಭಾರತದಲ್ಲಿ ಪೋಲೋ ತಯಾರಿಕೆ ನಿಂತಿತು, ಹಾಗಾಗಿ ಇದನ್ನು ಓದುವವರು ನೋಡುವುದೆಲ್ಲ ಹಳೆ ಗಾಡಿಯೇ. ನಮ್ಮಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಪಕ್ಕದ ಸೀಟಿಗೆ ಇನ್ನೂ ತಡ. ನಮ್ಮದೇ ಸ್ಟಾರ್ ಪರೀಕ್ಷೆ ಭಾರತ್ ಎನ್‌ಕ್ಯಾಪ್ ಶುರುವಾದದ್ದು 2023ರ ಅಕ್ಟೋಬರ್‌ನಲ್ಲಿ. ಹಳೆ ಕಾರಿಗೆ ಆ ಸ್ಟಾರ್ ಸ್ಟಿಕ್ಕರ್ ಹುಡುಕಿ ಪ್ರಯೋಜನ ಇಲ್ಲ. ಸ್ಟೇರಿಂಗ್ ನೋಡಿ, ದೀಪ ನೋಡಿ, ಡ್ಯಾಶ್‌ಬೋರ್ಡ್ ಸವರಿ.

ನಾನೇ ನೋಡದೆ ಬಿಟ್ಟದ್ದು ಒಂದಿತ್ತು, ಹಿಂದಿನ ಸೀಟು. ಹಳೆ ಮಾಲೀಕರು ಯಾವುದೋ ಅಂಗಡಿಯಲ್ಲಿ ದಪ್ಪ ಸೀಟ್ ಕವರ್ ಹಾಕಿಸಿದ್ದರು. ಚೆನ್ನಾಗಿದೆ ಅಂತ ಹಾಗೇ ಇಟ್ಟುಕೊಂಡಿದ್ದೆ. ಆರು ತಿಂಗಳ ಮೇಲೆ ಅತ್ತೆಯನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಬೇಕಾದಾಗ, ಬೆಲ್ಟ್ ಎಳೆದು ಹಿಡಿದು "ಇದನ್ನ ಎಲ್ಲಿ ಸಿಗಿಸೋದೇ?" ಅಂದರು. ಸಿಗಿಸುವ ಜಾಗವೇ ಇಲ್ಲ. ಕವರ್ ಮೇಲಿಂದ ಒತ್ತಿ ನೋಡಿದರೆ ಒಳಗೆ ಗಟ್ಟಿಯಾಗಿ ಏನೋ ಕೈಗೆ ಸಿಕ್ಕಿತು. ಬ್ಲೇಡಿನಿಂದ ಹೊಲಿಗೆ ಬಿಚ್ಚಿದೆ. ಎರಡು ರೂಪಾಯಿ ನಾಣ್ಯ, ಒಂದಿಷ್ಟು ಕಡಲೆಕಾಯಿ ಸಿಪ್ಪೆ, ಅದರಡಿ ಪ್ಲಾಸ್ಟಿಕ್ ಹೊಳಪು ಕೂಡ ಮಾಸದ ಬಕಲ್. ಅತ್ತೆ ಬೆಲ್ಟ್ ಸಿಗಿಸಿದಾಗ ಟಕ್ ಅಂತು. ಮುಂದಿನ ಸೀಟಿನಲ್ಲಿದ್ದ ಭಾವ, ಏನು ಮುರೀತು ಅಂತ ಗಾಬರಿಯಿಂದ ತಿರುಗಿ ನೋಡಿದರು.