ಏರ್ ಪಂಪ್ ತೆಗೆದ ಮೇಲೆ ಹೆಡರ್‌ನ ತೂತುಗಳು: ಥ್ರೆಡ್ ಪ್ಲಗ್, ವೆಲ್ಡಿಂಗ್, ಇಲ್ಲಾ ಬರೀ ಕ್ಯಾಪ್?

ಹೊಗೆ ಶುದ್ಧವಾಗಲಿ ಎಂದು ಎಕ್ಸಾಸ್ಟ್‌ಗೆ ಹೊರಗಿನ ಗಾಳಿ ಊದುವುದು ಏರ್ ಪಂಪ್. ಎಂಜಿನ್‌ನಿಂದ ಹೊಗೆ ಹೊರಗೆ ಒಯ್ಯುವ ಕೊಳವೆಗಳ ಜೋಡಣೆ ಹೆಡರ್. ಪಂಪ್‌ನ ಏರ್ ಟ್ಯೂಬ್‌ಗಳು ಬಂದು ಸೇರುವ ತೂತುಗಳು ಅದರಲ್ಲಿರುತ್ತವೆ, ಪಂಪ್ ತೆಗೆದರೆ ಅವನ್ನು ಮುಚ್ಚಬೇಕು. ನನ್ನ ಓಟು ಉಕ್ಕಿನ ಥ್ರೆಡ್ ಪ್ಲಗ್‌ಗೆ, ಅಂದರೆ ತೂತಿಗೆ ತಿರುಪಿ ಕೂರಿಸುವ ಬಿರಡೆಗೆ. ಮೂರೂ ವಿಧಾನಗಳನ್ನು ಒಂದೇ ಕಾರಿನಲ್ಲಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಕಾರು ಎಂಬತ್ತರ ದಶಕದ ಷೆವರ್ಲೆ ಕಮಾರೋ. ಫ್ಯೂಯೆಲ್ ಇಂಜೆಕ್ಷನ್ ಇರುವ 5.7 ಲೀಟರ್ ವಿ8. ಈಗ ಟ್ರ್ಯಾಕ್‌ನಲ್ಲಿ ಮಾತ್ರ ಓಡುತ್ತದೆ, ಹೋಗಿಬರುವುದೂ ಟ್ರೈಲರ್ ಮೇಲೆಯೇ. ರಸ್ತೆಗೆ ಬಿಡುವ ಕಾರಾದರೆ ಪಂಪ್ ಮುಟ್ಟಲೇಬೇಡಿ. ಅಮೆರಿಕದಲ್ಲಿ ವಾಯುಮಾಲಿನ್ಯ ತಡೆಯುವ ಕಾನೂನಾದ ಕ್ಲೀನ್ ಏರ್ ಆಕ್ಟ್ ಇದಕ್ಕೆ ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದ ಹೊಗೆ ತಪಾಸಣೆಯಲ್ಲಂತೂ ಬಾನೆಟ್ ಎತ್ತಿ ಪಂಪ್ ಇದೆಯಾ ಎಂದು ಕಣ್ಣಲ್ಲೇ ನೋಡುತ್ತಾರೆ. ಅಂಥ ಕಾರಿಗೆ ಏರ್ ಟ್ಯೂಬ್ ಜೋಡಿಸಲು ಜಾಗವಿರುವ, ಅಲ್ಲಿನ ಒಪ್ಪಿಗೆ ನಂಬರ್ ಇರುವ ಹೆಡರ್ ತಗೊಂಡು, ಪಂಪ್ ಇದ್ದಲ್ಲೇ ಇರಲಿ ಬಿಡಿ.

ಪಂಪ್ ತೆಗೆದರೆ ಪವರ್ ಜಾಸ್ತಿಯಾಗುತ್ತೆ ಎಂಬ ಮಾತನ್ನು ನಂಬಬೇಡಿ. ಅದು ಎಂಜಿನ್‌ನಿಂದ ಎಳೆಯುವುದು ತೀರಾ ಕಡಿಮೆ. ಲಾಭ ಇರುವುದು ಜಾಗದಲ್ಲಿ. ಸ್ಪಾರ್ಕ್ ಪ್ಲಗ್‌ಗೆ ಕೈ ಆರಾಮಾಗಿ ಹೋಗುತ್ತದೆ, ಮುಂದಿನ ತೂಕವೂ ಸ್ವಲ್ಪ ಇಳಿಯುತ್ತದೆ. ಪಂಪ್ ಇದ್ದಲ್ಲಿ, ಬೆಲ್ಟ್‌ಗೆ ದಾರಿ ತೋರಿಸುತ್ತಾ ಸುಮ್ನೆ ತಿರುಗುವ ಐಡ್ಲರ್ ಪುಲ್ಲಿ ಕೂರಿಸಿದರೆ ಬೆಲ್ಟ್ ಕೆಲಸವೂ ಮುಗಿಯಿತು.

ಮೊದಲು ಕ್ಯಾಪ್ ವಿಷಯ. ಏರ್ ಟ್ಯೂಬ್‌ಗಳನ್ನು ಹೆಡರ್‌ನಲ್ಲೇ ಬಿಟ್ಟು, ಹೊಗೆ ಪಂಪ್ ಕಡೆ ಹಿಂದಿರುಗದಂತೆ ತಡೆಯುವ ಚೆಕ್ ವಾಲ್ವ್ ಇದ್ದ ಕಡೆ ಕ್ಯಾಪ್ ಹಾಕುವುದು. ಎಲ್ಲಕ್ಕಿಂತ ಅಗ್ಗ, ಬೇಗವೂ ಆಗುತ್ತದೆ. ಆದರೆ ಆ ಟ್ಯೂಬ್‌ಗಳು ಒಳಗಿಂದ ತುಕ್ಕು ಹಿಡಿದಿರುತ್ತವೆ, ಒಂದೊಂದು ನಟ್ಟೂ ಲೀಕ್ ಆಗುವ ಜಾಗ. ಜಾಗಕ್ಕಾಗಿ ಪಂಪ್ ತೆಗೆದವರಿಗೆ ಟ್ಯೂಬ್ ಅಲ್ಲೇ ಉಳಿದರೆ ಏನು ಬಂತು? ನನಗೆ ಬೇಡ.

ಇನ್ನು ಪ್ಲಗ್. ನನ್ನ ತಲೆ ತಿಂದಿದ್ದು ಇದೇ, ಕೊನೆಗೆ ಗೆದ್ದಿದ್ದೂ ಇದೇ.

ಹೆಡರ್ ಜೊತೆ ಡಬ್ಬದಲ್ಲಿ ಬಂದಿದ್ದು ಹಿತ್ತಾಳೆ ಪ್ಲಗ್‌ಗಳು. ಬಿಗಿ ಮಾಡುವಾಗ ಚೆನ್ನಾಗಿಯೇ ಕೂತವು. ಕೆಲವು ಓಟ ಆದ ಮೇಲೆ ಎಂಜಿನ್ ತಣ್ಣಗಿದ್ದಾಗ ಟಿಕ್ ಟಿಕ್ ಸದ್ದು ಶುರುವಾಯಿತು, ಬಿಸಿಯಾದರೆ ನಿಲ್ಲುತ್ತಿತ್ತು. ಹೆಡರ್ ಗ್ಯಾಸ್ಕೆಟ್ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತೆ, ಅಲ್ವಾ? ಗ್ಯಾಸ್ಕೆಟ್ ಸರಿಯಾಗಿಯೇ ಇತ್ತು. ಹಿತ್ತಾಳೆ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ. ಕಾದಾಗ ಪ್ಲಗ್ ಹಿಗ್ಗಲು ನೋಡುತ್ತದೆ, ಸುತ್ತಲಿನ ಉಕ್ಕು ಬಿಡುವುದಿಲ್ಲ. ಮೆತ್ತಗಾದ ಹಿತ್ತಾಳೆ ಅಲ್ಲೇ ಅದುಮಿ ಹೋಗುತ್ತದೆ. ಆರಿದ ಮೇಲೆ ಅದರ ಗಾತ್ರ ಮೊದಲಿಗಿಂತ ಚಿಕ್ಕದು, ಥ್ರೆಡ್ ಸಡಿಲ.

ಸದ್ದನ್ನಾದರೂ ಸಹಿಸಬಹುದು. ದೊಡ್ಡ ತೊಂದರೆ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್‌ದು. ಎಕ್ಸಾಸ್ಟ್‌ನಲ್ಲಿ ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ಒಂದು ಅಲೆ ದಾಟಿದ ಹಿಂದೆಯೇ ಒತ್ತಡ ಇಳಿದು, ಸಣ್ಣ ಸಂದಿನಿಂದಲೂ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಅದು ಸೆನ್ಸರ್‌ಗೆ ಮುಟ್ಟಿದರೆ ಪೆಟ್ರೋಲ್ ಕಡಿಮೆಯಾಯಿತು ಎಂದು ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ಈ ಕಾರಿನಲ್ಲಿ ಸೆನ್ಸರ್ ಒಂದೇ, ಎಡಗಡೆ. ಅಂದರೆ ಎಡಗಡೆಯ ಒಂದು ಪ್ಲಗ್ ಸಡಿಲವಾದರೆ ಎಂಟೂ ಸಿಲಿಂಡರ್‌ಗೆ ಪೆಟ್ರೋಲ್ ಜಾಸ್ತಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಎಲ್ಲದರ ತುದಿಯಲ್ಲೂ ಒಣ ಕಪ್ಪು ಮಸಿ. ಕಂಪನಿಯವರಿಗೂ ಇದು ಗೊತ್ತಿದ್ದ ವಿಷಯವೇ. ಎಂಜಿನ್ ಕಾದು, ಕಂಪ್ಯೂಟರ್ ಸೆನ್ಸರ್ ಮಾತು ಕೇಳಲು ಶುರುಮಾಡಿದ ಕೂಡಲೇ ಪಂಪ್‌ನ ಗಾಳಿ ಹೆಡರ್ ಬಿಟ್ಟು ಹಿಂದೆ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಕಡೆಗೆ ತಿರುಗುವ ಹಾಗೆ ಅವರು ವಾಲ್ವ್ ಇಟ್ಟಿದ್ದರು.

ಲೀಕ್ ಸಿಕ್ಕಿದ್ದು ಸೋಪಿನ ನೀರಿನಿಂದ. ತಣ್ಣಗಿನ ಎಂಜಿನ್, ಸೈಲೆನ್ಸರ್ ತುದಿಗೆ ಬ್ಲೋವರ್ ಹಿಡಿದು ಮೆಲ್ಲಗೆ ಗಾಳಿ, ಪ್ಲಗ್‌ಗಳ ಮೇಲೆ ಸೋಪು. ಹಿಂದಿನ ಸಿಲಿಂಡರ್‌ನ ಪ್ಲಗ್ ಸುತ್ತ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಎದ್ದವು.

ಹಿತ್ತಾಳೆ ಬಿಸಾಡಿ ಉಕ್ಕಿನ ಟೇಪರ್ ಥ್ರೆಡ್ (ತುದಿಗೆ ಹೋದಂತೆ ಸಣ್ಣಗಾಗುವ ಥ್ರೆಡ್) ಪ್ಲಗ್ ಹಾಕಿದೆ. ಥ್ರೆಡ್ ಕಚ್ಚಿಕೊಳ್ಳದಿರಲಿ ಎಂದು ಅದಕ್ಕೆ ನಿಕಲ್ ಆಂಟಿ-ಸೀಜ್ ಪೇಸ್ಟ್. ನೀರಿನ ನಲ್ಲಿಗೆ ಸುತ್ತುವ ಬಿಳಿ ಟೇಪ್ ಇಲ್ಲಿ ಸುಮ್ನೆ ದಂಡ. ಅದು ತಡೆಯುವುದು 260 ಡಿಗ್ರಿ ಸೆಲ್ಸಿಯಸ್ ತನಕ, ಹೆಡರ್ ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಮೊದಲ ಸಲ ಕಾದು ಆರಿದ ಮೇಲೆ ಎಲ್ಲ ಪ್ಲಗ್‌ಗಳ ಬಿಗಿ ಇನ್ನೊಮ್ಮೆ ನೋಡಿದ್ದಷ್ಟೇ. ಆಮೇಲೆ ಟಿಕ್ ಸದ್ದಿಲ್ಲ, ಮಸಿಯೂ ಇಲ್ಲ.

ವೆಲ್ಡಿಂಗ್ ಬಗ್ಗೆ ನನ್ನ ದೂರು ಲೀಕ್‌ದಲ್ಲ. ಲೀಕ್ ಲೆಕ್ಕದಲ್ಲಿ ಅದನ್ನು ಮೀರಿಸಿದ್ದಿಲ್ಲ. ಆ ಕಾರಿನ ಹಳೆಯ ಹೆಡರ್‌ಗೆ ಅದೇ ಮಾಡಿಸಿದ್ದು. ಸೆರಾಮಿಕ್ ಕೋಟಿಂಗ್ ಉಜ್ಜಿ ತೆಗೆಯಬೇಕು, ಸುತ್ತಲಿನದೂ ಸುಟ್ಟುಹೋಗುತ್ತದೆ, ಅಲ್ಲಿಂದಲೇ ತುಕ್ಕು ಶುರು. ತೂತುಗಳು ಹೆಡರನ್ನು ಎಂಜಿನ್‌ಗೆ ಬೋಲ್ಟ್ ಮಾಡುವ ಫ್ಲ್ಯಾಂಜ್‌ಗೆ ತೀರಾ ಹತ್ತಿರ ಇದ್ದರೆ ಶಾಖಕ್ಕೆ ಫ್ಲ್ಯಾಂಜ್ ಸೊಟ್ಟಗಾಗುವ ಭಯ ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ, ಮುಚ್ಚಿದ್ದನ್ನು ಮತ್ತೆ ತೆರೆಯಲು ಆಗುವುದಿಲ್ಲ. ನಾಳೆ ಕಾರನ್ನು ರಸ್ತೆಗೆ ತರಬೇಕೆಂದರೆ ಹೆಡರ್ ಹೊಸದೇ ಬೇಕು. ಕೋಟಿಂಗ್ ಇಲ್ಲದ ಸಾದಾ ಉಕ್ಕಿನ ಹೆಡರ್, ಮನೆಯಲ್ಲೇ ಟಿಗ್ ವೆಲ್ಡಿಂಗ್ ಮಷೀನ್, ಕಾರು ಟ್ರ್ಯಾಕ್ ಬಿಟ್ಟು ಬರುವುದಿಲ್ಲ ಎನ್ನುವವರು ಧಾರಾಳವಾಗಿ ಮಾಡಿಸಲಿ.

ನಾನು ಎಲ್ಲವನ್ನೂ ಬಿಚ್ಚಿ ಜೋಡಿಸುವವನು, ಕಾಸು ಖರ್ಚಾಗುವುದು ಟೈರ್‌ಗೆ. ಕೋಟಿಂಗ್ ಇರುವ ಹೆಡರನ್ನು ಹಾಳುಮಾಡಿಕೊಳ್ಳುವ ಶಕ್ತಿ ನನಗಿಲ್ಲ. ಒಂದು ಹಿಡಿ ಉಕ್ಕಿನ ಪ್ಲಗ್, ಒಂದು ಟ್ಯೂಬ್ ಪೇಸ್ಟ್, ಅಷ್ಟರಲ್ಲೇ ಕೆಲಸ ಆಯಿತು. ಪಂಪ್, ಟ್ಯೂಬ್, ಬ್ರಾಕೆಟ್ ಎಲ್ಲಾ ಎಣ್ಣೆ ಹಚ್ಚಿ ಡಬ್ಬದಲ್ಲಿವೆ.

ಹಾಕುವವರು ಹೆಡರ್ ಇನ್ನೂ ಬೆಂಚ್ ಮೇಲಿದ್ದಾಗಲೇ ಪ್ಲಗ್ ಬಿಗಿ ಮಾಡಿ. ಕೂರಿಸಿದ ಮೇಲೆ ಹಿಂದಿನ ಸಿಲಿಂಡರ್‌ನ ಪ್ಲಗ್‌ಗೆ ಪಾನ ಹೋಗುವುದಿಲ್ಲ, ಸ್ಟೀರಿಂಗ್ ಶಾಫ್ಟ್ ಅಡ್ಡ ಬರುತ್ತದೆ.